ಬೆರಳಿಗೆ ಬರುವ ಉತ್ತರ: ಹ್ಯಾಪ್ಟಿಕ್ ಮೌಸ್ ಕುರಿತು ಓದುಗರ ಪ್ರಶ್ನೆಗಳು

ಸ್ಪರ್ಶದ ಮೂಲಕ ಪ್ರತಿಕ್ರಿಯೆ ಕೊಡುವ ಮೌಸುಗಳ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಸಂಶಯ ಬೇರೆ ಬೇರೆ ಮಾತಿನಲ್ಲಿ ಬಂದಿದ್ದ ಕಡೆ ಒಂದು ಪ್ರಶ್ನೆಯಾಗಿಸಿದ್ದೇವೆ.

ಪ್ರಶ್ನೆ: ಹ್ಯಾಪ್ಟಿಕ್ ಮೌಸ್ ಎಂದರೆ ನಡುಗುವ ಮೌಸು, ಅಷ್ಟೇ ತಾನೆ? ಫೋರ್ಸ್ ಫೀಡ್‌ಬ್ಯಾಕ್ ಅನ್ನುವುದೂ ಇದೇನಾ?

ಉತ್ತರ: ಎರಡೂ ಬೇರೆ. ಫೋರ್ಸ್ ಫೀಡ್‌ಬ್ಯಾಕ್ ಇರುವ ಸಾಧನ ನಿಮ್ಮ ಕೈಯನ್ನು ನಿಜವಾಗಿ ತಳ್ಳುತ್ತದೆ, ತಡೆಯುತ್ತದೆ, ಎಳೆಯುತ್ತದೆ. ತಳ್ಳಬೇಕಾದರೆ ಅದಕ್ಕೆ ಆನಿಕೊಳ್ಳಲು ಏನಾದರೂ ಬೇಕಲ್ಲ! ಹಾಗಾಗಿ 1999ರಲ್ಲಿ ಬಂದ ಲಾಜಿಟೆಕ್ ವಿಂಗ್‌ಮ್ಯಾನ್ ಫೋರ್ಸ್ ಫೀಡ್‌ಬ್ಯಾಕ್ ಮೌಸನ್ನು ಅದರ ಹಲಗೆಗೇ ಜೋಡಿಸಿದ್ದರು. ಕೈಗೆತ್ತಿಕೊಂಡು ಪಕ್ಕಕ್ಕಿಡುವಂತಿರಲಿಲ್ಲ, ಓಡಾಡುವ ಜಾಗವೂ ಅಂಗೈಯಗಲದ್ದು. ಮರುವರ್ಷ ಅದೇ ಕಂಪನಿಯ ಐಫೀಲ್ ಮೌಸ್ ಬಂತು. ಅದು ತಳ್ಳುವ ಗೋಜಿಗೆ ಹೋಗದೆ ಒಳಗಿನ ಚಿಕ್ಕ ಮೋಟಾರಿನಿಂದ ಕಂಪನ ಮಾತ್ರ ಕೊಡುತ್ತಿತ್ತು. ಎರಡರ ಹಿಂದೆಯೂ ಇದ್ದದ್ದು 1993ರಲ್ಲಿ ಆರಂಭವಾದ ಇಮ್ಮರ್ಶನ್ ಕಂಪನಿಯ ತಂತ್ರಜ್ಞಾನ.

ಈಗ ಮಾರುಕಟ್ಟೆಯಲ್ಲಿರುವುದೆಲ್ಲ ಈ ಎರಡನೆಯ ದಾರಿಯವು. 2016ರ ಸ್ಟೀಲ್‌ಸೀರೀಸ್ ರೈವಲ್ 700 ಆಟದ ಸೂಚನೆಗಳನ್ನು ಅಂಗೈಗೆ ಕಂಪನವಾಗಿ ತಲುಪಿಸುತ್ತಿತ್ತು. 2025ರ ಲಾಜಿಟೆಕ್ ಎಂಎಕ್ಸ್ ಮಾಸ್ಟರ್ 4ರಲ್ಲಿ ಹೆಬ್ಬೆರಳು ಕೂರುವ ಪಟ್ಟಿ ಮಾತ್ರ ಮಿಡಿಯುತ್ತದೆ. ಇಡೀ ಮೌಸನ್ನು ನಡುಗಿಸುವುದು ಬಿಟ್ಟು ಒಂದು ಬೆರಳನ್ನು ಮುಟ್ಟಿ ಹೇಳುವ ಕಡೆಗೆ ವಿನ್ಯಾಸ ಸರಿದಿದೆ. ಅದು ಸರಿಯಾದ ದಿಕ್ಕು ಎಂದೇ ನಮ್ಮ ಎಣಿಕೆ.

ಪ್ರಶ್ನೆ: ಒಂದು ಮೌಸಿನ ಪೆಟ್ಟಿಗೆಯ ಮೇಲೆ ‘ಪ್ರಬಲ ಕಂಪನ ಮೋಟಾರು’ ಎಂದಿದೆ, ಇನ್ನೊಂದರ ಮೇಲೆ ‘ಲೀನಿಯರ್ ಆಕ್ಚುಯೇಟರ್’ ಎಂದಿದೆ. ಯಾವುದು ಒಳ್ಳೆಯದು?

ಉತ್ತರ: ಎರಡನೆಯದು. ಅದು ಹೆಚ್ಚು ಜೋರಾಗಿ ನಡುಗುತ್ತದೆ ಎಂದಲ್ಲ. ಬೇಗ ಶುರುವಾಗುತ್ತದೆ, ಬೇಗ ನಿಲ್ಲುತ್ತದೆ.

‘ಕಂಪನ ಮೋಟಾರು’ ಎಂದರೆ ಅಚ್ಚಿಗೆ ಒಂದು ಕಡೆ ಭಾರ ಕಟ್ಟಿದ ಪುಟ್ಟ ಮೋಟಾರು. ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಇದನ್ನು ಇಆರ್‌ಎಂ ಎನ್ನುತ್ತಾರೆ. ನಿಮಿಷಕ್ಕೆ 12,000 ಸುತ್ತು ತಿರುಗಿದರೆ ಸೆಕೆಂಡಿಗೆ 200 ಕಂಪನ. ಆದರೆ ಆ ವೇಗಕ್ಕೆ ಏರಲು ಸಾಮಾನ್ಯವಾಗಿ 50ರಿಂದ 100 ಮಿಲಿಸೆಕೆಂಡ್ ಹಿಡಿಯುತ್ತದೆ, ಇಳಿಯಲೂ ಹೆಚ್ಚುಕಡಿಮೆ ಅಷ್ಟೇ. ಈಗ ಒಂದು ಲೆಕ್ಕ ಹಾಕಿ. ಪರದೆಯ ಮೇಲೆ 40 ಪಿಕ್ಸೆಲ್ ಅಗಲದ ಬಟನ್ ಇದೆ, ಕರ್ಸರು ಸೆಕೆಂಡಿಗೆ 1000 ಪಿಕ್ಸೆಲ್ ವೇಗದಲ್ಲಿ ಅದನ್ನು ದಾಟುತ್ತಿದೆ. ದಾಟಲು ಬೇಕಾದದ್ದು 40 ಮಿಲಿಸೆಕೆಂಡ್. ಮೋಟಾರು ಮೈಮುರಿದು ಏಳುವಷ್ಟರಲ್ಲಿ ಕರ್ಸರು ಆಚೆ ದಡ ಸೇರಿರುತ್ತದೆ. ಕೈಗೆ ಬರುವುದು ಬಾಗಿಲು ದಾಟಿದ ಮೇಲೆ ಬಡಿಯುವ ಗಂಟೆ. ತಡವಾಗಿ ಬಂದ ಕಂಪನ ಸುಮ್ಮನಿದ್ದರೆ ಆಗುವುದಕ್ಕಿಂತ ಹೆಚ್ಚು ಗೊಂದಲ ಮಾಡುತ್ತದೆ.

ಲೀನಿಯರ್ ಆಕ್ಚುಯೇಟರ್, ಅಂದರೆ ಎಲ್‌ಆರ್‌ಎ, ತಿರುಗುವುದಿಲ್ಲ. ಸ್ಪ್ರಿಂಗಿಗೆ ಕಟ್ಟಿದ ಅಯಸ್ಕಾಂತದ ತೂಕವೊಂದು ಸುರುಳಿಯ ಬಳಿ ಹಿಂದೆ ಮುಂದೆ ಜಿಗಿಯುತ್ತದೆ. 20–30 ಮಿಲಿಸೆಕೆಂಡಿಗೆ ಎದ್ದು ನಿಲ್ಲುತ್ತದೆ. ಇದರ ಹಟವೊಂದೇ: ತನ್ನ ಸಹಜ ಆವರ್ತನದಲ್ಲಿ, ಸಾಮಾನ್ಯವಾಗಿ 150ರಿಂದ 235 ಹರ್ಟ್ಸ್ ನಡುವೆ ಎಲ್ಲೋ ಒಂದೆಡೆ ಮಾತ್ರ ಚೆನ್ನಾಗಿ ಕುಣಿಯುತ್ತದೆ. ಕೆಲವೇ ಹರ್ಟ್ಸ್ ಆಚೀಚೆಯಾದರೂ ಬಲ ಎದ್ದು ಕಾಣುವಷ್ಟು ಕುಗ್ಗುತ್ತದೆ. ಆದ್ದರಿಂದ ಅದರ ಜೊತೆಗಿರುವ ಡ್ರೈವರ್ ಚಿಪ್ ಆ ಆವರ್ತನವನ್ನು ಹಿಂಬಾಲಿಸುವಂಥದ್ದಾಗಿರಬೇಕು.

ಮೂರನೆಯದು ಪೀಜೋ ಪಟ್ಟಿ. ವಿದ್ಯುತ್ ಕೊಟ್ಟರೆ ಬಾಗುವ ಸೆರಾಮಿಕ್. ಕೆಲವೇ ಮಿಲಿಸೆಕೆಂಡಿನಲ್ಲಿ ‘ಟಕ್’ ಎನ್ನುತ್ತದೆ, ಆದರೆ 50ರಿಂದ 200 ವೋಲ್ಟ್ ಬೇಡುತ್ತದೆ, ಬಿದ್ದರೆ ಬಿರುಕು ಬಿಡುತ್ತದೆ. ಮೌಸಿನಲ್ಲಿ ಅಪರೂಪ.

ಯಾವ ಆವರ್ತನ ಬೇಕು ಎನ್ನುವುದನ್ನು ತೀರ್ಮಾನಿಸುವುದು ನಮ್ಮ ಚರ್ಮ. ಬೆರಳು, ಅಂಗೈಗಳ ಆಳದಲ್ಲಿದ್ದು ಕಂಪನವನ್ನು ಗ್ರಹಿಸುವ ಪಚೀನಿಯನ್ ಕಣಗಳು 200–300 ಹರ್ಟ್ಸ್ ಸುತ್ತ ಅತಿ ಚುರುಕು. 250 ಹರ್ಟ್ಸ್ ಬಳಿ ಒಂದು ಮೈಕ್ರೋಮೀಟರಿಗಿಂತ ಕಡಿಮೆ ಅಲುಗಾಟವೂ ಅವಕ್ಕೆ ತಿಳಿಯುತ್ತದೆ. ಜೊತೆಗೆ ಅವು ಬದಲಾವಣೆಗೆ ಓಗೊಡುವ ಜಾತಿಯವು. ಕಂಪನ ಶುರುವಾದದ್ದೂ ನಿಂತದ್ದೂ ಚೆನ್ನಾಗಿ ತಿಳಿಯುತ್ತದೆ, ಒಂದೇ ಸಮನೆ ಗುಂಯ್‌ಗುಡುತ್ತಿದ್ದರೆ ಬೇಗ ಮಂಕಾಗುತ್ತದೆ. ‘ಪ್ರಬಲ ಕಂಪನ’ ಎಂಬ ಜಾಹೀರಾತಿಗೆ ಮರುಳಾಗಬೇಡಿ ಎನ್ನುವುದು ಇದಕ್ಕೇ.

ಪ್ರಶ್ನೆ: ಇದರಿಂದ ಕೆಲಸ ನಿಜವಾಗಿಯೂ ಬೇಗ ಆಗುತ್ತದೆಯೇ, ಅಥವಾ ಇದೊಂದು ಷೋಕಿಯೇ?

ಉತ್ತರ: ಪ್ರಾಮಾಣಿಕ ಉತ್ತರ ಸ್ವಲ್ಪ ನೀರಸವಾಗಿದೆ. 1995ರಲ್ಲಿ ಅಕಾಮತ್ಸು, ಮೆಕೆಂಝಿ ಮತ್ತು ಹಾಸ್‌ಬ್ರೂಕ್ ಪ್ರಕಟಿಸಿದ ಪ್ರಯೋಗದಲ್ಲಿ ಮೌಸಿನ ಬಟನ್ನಿನೊಳಗಿಂದ ಒಂದು ಪಿನ್ನು ಮೇಲೆದ್ದು ಬೆರಳನ್ನು ಮುಟ್ಟುತ್ತಿತ್ತು. ಸದ್ದು, ಬಣ್ಣ, ಸ್ಪರ್ಶ ಇವುಗಳನ್ನು ಹೋಲಿಸಿದಾಗ ಒಟ್ಟು ಸಮಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಆದರೆ ಕರ್ಸರು ಗುರಿಯೊಳಗೆ ಹೊಕ್ಕ ಮೇಲೆ ‘ಹಾಂ, ಬಂದೆ’ ಎಂದು ಖಾತ್ರಿ ಮಾಡಿಕೊಂಡು ಕ್ಲಿಕ್ ಮಾಡುವ ಕೊನೆಯ ಹಂತ ಸ್ಪರ್ಶದಿಂದ ಚುರುಕಾಯಿತು. ಅಂದರೆ ದೂರದ ಓಟಕ್ಕೆ ಇದು ನೆರವಾಗದು, ನಿಖರವಾಗಿ ನಿಲ್ಲಿಸಬೇಕಾದ ಕೆಲಸಕ್ಕೆ ಆಗುತ್ತದೆ. ವಿಡಿಯೋ ತುಂಡರಿಸುವವರು, ನಕ್ಷೆ ಬಿಡಿಸುವವರು, ಸ್ಪ್ರೆಡ್‌ಶೀಟಿನ ಅಂಚನ್ನು ಎಳೆಯುವವರಿಗೆ ಲಾಭ. ಪತ್ರಿಕೆ ಓದುತ್ತಾ ಸ್ಕ್ರೋಲ್ ಮಾಡುವವರಿಗೆ ಹಣ ದಂಡ.

ಪ್ರಶ್ನೆ: ಹಳೆಯ ವೈರ್ ಮೌಸೊಂದು ಬಿದ್ದಿದೆ. ಅದಕ್ಕೆ ಕಂಪನ ಮೋಟಾರು ಹಾಕಿ ಕಾಲೇಜು ಪ್ರಾಜೆಕ್ಟ್ ಮಾಡಬೇಕೆಂದಿದ್ದೇನೆ. ಮೋಟಾರನ್ನು ನೇರ ಮೈಕ್ರೋಕಂಟ್ರೋಲರ್ ಪಿನ್ನಿಗೆ ಜೋಡಿಸಿದೆ, ಒಂದು ದಿನ ನಡೆದು ಆಮೇಲೆ ಆ ಪಿನ್ನೇ ಸತ್ತಿತು. ಸರಿಯಾದ ಕ್ರಮ ತಿಳಿಸಿ.

ಉತ್ತರ: ಪಿನ್ನು ಒಂದು ದಿನ ಬದುಕಿದ್ದೇ ಹೆಚ್ಚು. ಮೈಕ್ರೋಕಂಟ್ರೋಲರುಗಳಲ್ಲೊಂದಾದ ಎಟಿಮೆಗಾ 32ಯು4 ಚಿಪ್ಪಿನ ಪಿನ್ನು ತಾಳುವ ಗರಿಷ್ಠ ಮಿತಿ 40 ಮಿಲಿಆಂಪ್, ನೆಮ್ಮದಿಯಿಂದ ಕೊಡುವುದು 20ರಷ್ಟು. 10 ಮಿಲಿಮೀಟರ್ ವ್ಯಾಸದ ನಾಣ್ಯದಾಕಾರದ ಮೋಟಾರು ಓಡುವಾಗ 75 ಮಿಲಿಆಂಪ್ ಸುಮಾರು ಎಳೆಯುತ್ತದೆ, ಹೊರಡುವಾಗ 100 ದಾಟುತ್ತದೆ. ಅದರ ಮೇಲೆ, ಮೋಟಾರನ್ನು ಆರಿಸಿದ ಕ್ಷಣ ಸುರುಳಿಯಿಂದ ಹಿಮ್ಮುಖ ವೋಲ್ಟೇಜಿನ ಹೊಡೆತ ಬೀಳುತ್ತದೆ. ನಡುವೆ ಒಂದು ಟ್ರಾನ್ಸಿಸ್ಟರು, ಒಂದು ಡಯೋಡು ಇಲ್ಲದಿದ್ದರೆ ಆಗುವುದು ಇದೇ.

ಬೇಕಾದವು: 3 ವೋಲ್ಟಿನ 10 ಮಿಲಿಮೀಟರ್ ನಾಣ್ಯ ಮೋಟಾರು, 2ಎನ್2222 ಟ್ರಾನ್ಸಿಸ್ಟರು, 1 ಕಿಲೋಓಮ್ ರೆಸಿಸ್ಟರು, 1ಎನ್4148 ಡಯೋಡು, 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರು, 32ಯು4 ಇರುವ ಒಂದು ಪುಟ್ಟ ಬೋರ್ಡು, ತೆಳು ಹಾಗೂ ಬಳುಕುವ ವೈರು.

ಜೋಡಣೆ ಹೀಗೆ. ಬೋರ್ಡಿನ 5 ವೋಲ್ಟ್‌ನಿಂದ ಮೋಟಾರಿನ ಒಂದು ತುದಿ. ಇನ್ನೊಂದು ತುದಿ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ. ಎಮಿಟರು ಗ್ರೌಂಡಿಗೆ. ಬೇಸಿಗೆ ಬೋರ್ಡಿನ ಪಿನ್ನಿನಿಂದ 1 ಕಿಲೋಓಮ್ ಮೂಲಕ ಸಂಪರ್ಕ. ಸುಮಾರು 4 ಮಿಲಿಆಂಪ್ ಹರಿಯುತ್ತದೆ, ಟ್ರಾನ್ಸಿಸ್ಟರು ಪೂರ್ತಿ ತೆರೆದುಕೊಳ್ಳಲು ಅಷ್ಟು ಸಾಕು. ಡಯೋಡನ್ನು ಮೋಟಾರಿಗೆ ಅಡ್ಡಲಾಗಿ, ಗೆರೆ ಇರುವ ತುದಿ 5 ವೋಲ್ಟಿನ ಕಡೆಗಿರುವಂತೆ ಹಾಕಿ. ತಿರುಗಾಮುರುಗಾ ಹಾಕಿದರೆ ಟ್ರಾನ್ಸಿಸ್ಟರು ತೆರೆದ ಕೂಡಲೇ ಅದು ಶಾರ್ಟ್ ಆಗಿ ಸುಡುತ್ತದೆ. ಕೆಪಾಸಿಟರೂ ಮೋಟಾರಿಗೆ ಅಡ್ಡಲಾಗಿಯೇ, ಆದಷ್ಟು ಅದರ ಬಳಿ. ಬ್ರಷ್ಷಿನ ಕಿಡಿಯ ಗದ್ದಲವನ್ನು ಅದು ನುಂಗಿಕೊಳ್ಳುತ್ತದೆ.

ಮೋಟಾರು 3 ವೋಲ್ಟಿನದು, ನಾವು ಕೊಡುತ್ತಿರುವುದು 5. 27 ಓಮ್ ರೆಸಿಸ್ಟರು ಸರಣಿಯಲ್ಲಿ ಹಾಕಿ ಇಳಿಸಬಹುದು, ಆದರೆ ಹೊರಡುವಾಗ ಕರೆಂಟು ಹೆಚ್ಚು ಬೇಕಾದ ಹೊತ್ತಿಗೇ ಅದು ವೋಲ್ಟೇಜನ್ನು ಹೆಚ್ಚು ಕಿತ್ತುಕೊಳ್ಳುತ್ತದೆ, ಮೋಟಾರು ಇನ್ನೂ ಸೋಮಾರಿಯಾಗುತ್ತದೆ. ಪಿಡಬ್ಲ್ಯುಎಂ, ಅಂದರೆ ವಿದ್ಯುತ್ತನ್ನು ವೇಗವಾಗಿ ಹಚ್ಚಿ ಆರಿಸಿ ಸರಾಸರಿಯನ್ನು ಇಳಿಸುವ ವಿಧಾನ, ಬಳಸುವುದು ಜಾಣತನ. ಮೊದಲ 20 ಮಿಲಿಸೆಕೆಂಡ್ ಪೂರ್ತಿ 5 ವೋಲ್ಟ್ ಕೊಟ್ಟು ಒದ್ದೆಬ್ಬಿಸಿ, ಆಮೇಲೆ 60 ಶೇಕಡಾಕ್ಕೆ ಇಳಿಸಿ. ಅಷ್ಟು ಚಿಕ್ಕ ಅವಧಿಯ ಹೆಚ್ಚುವರಿ ವೋಲ್ಟೇಜನ್ನು ಮೋಟಾರು ತಾಳಿಕೊಳ್ಳುತ್ತದೆ. ಪಿಡಬ್ಲ್ಯುಎಂ ಆವರ್ತನ 20 ಕಿಲೋಹರ್ಟ್ಸ್ ಮೇಲಿದ್ದರೆ ಕೀರಲು ಸದ್ದು ಕೇಳಿಸದು.

ಮೃದುವಾದ ಕಂಪನ ಬೇಕೆಂದು ವೋಲ್ಟೇಜನ್ನು 1 ಅಥವಾ ಒಂದೂವರೆಗೆ ಇಳಿಸುವವರಿದ್ದಾರೆ. ಒಳಗಿನ ಘರ್ಷಣೆ ಮೀರಲಾಗದೆ ಮೋಟಾರು ಒಮ್ಮೆ ತಿರುಗಿ ಒಮ್ಮೆ ಮುಷ್ಕರ ಹೂಡುತ್ತದೆ. ಮೃದುತನ ಬೇಕಿದ್ದರೆ ಅವಧಿ ಕಡಿಮೆ ಮಾಡಿ, ವೋಲ್ಟೇಜನ್ನಲ್ಲ.

ಇನ್ನು ಮೌಸು. ಸ್ಕ್ರೂ ಕಾಣಿಸದಿದ್ದರೆ ಅಡಿಯ ನುಣುಪು ಪಟ್ಟಿಗಳ ಕೆಳಗೆ ಅಡಗಿರುತ್ತದೆ. ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿದರೆ ಪಟ್ಟಿ ಹರಿಯದೆ ಏಳುತ್ತದೆ. ಬೋರ್ಡನ್ನು ಒಳಗೆ ತುರುಕಬೇಡಿ. ಮೋಟಾರು ಮಾತ್ರ ಒಳಗಿರಲಿ, ಎರಡು ವೈರು ಹೊರಬರಲಿ, ಬೋರ್ಡು ತನ್ನದೇ ಯುಎಸ್‌ಬಿ ಕೇಬಲಿನಲ್ಲಿ ಮೇಜಿನ ಮೇಲಿರಲಿ. ಹೀಗೆ ಮಾಡಿದರೆ ಮೌಸಿನ ಸರ್ಕಿಟ್ಟನ್ನು ಮುಟ್ಟುವುದೇ ಬೇಡ, ಅದರ ವಿದ್ಯುತ್ತಿಗೂ ಕೈಹಾಕಿದಂತಾಗುವುದಿಲ್ಲ.

ಮೋಟಾರನ್ನು ಕವಚದ ಒಳಮೈಗೆ, ಅಂಗೈ ಆನುವ ಜಾಗದ ಹಿಂದೆ, ತೆಳುವಾದ ಗಟ್ಟಿ ಡಬಲ್ ಟೇಪಿನಿಂದ ಅಂಟಿಸಿ. ಹೆಚ್ಚಿನ ಪ್ರಾಜೆಕ್ಟುಗಳು ಸೋಲುವುದು ಇಲ್ಲಿಯೇ. ಸ್ಪಂಜಿನ ಟೇಪು ಅಥವಾ ಬಿಸಿ ಅಂಟಿನ ದಪ್ಪ ಮುದ್ದೆ ಹಾಕಿದರೆ ಕಂಪನವನ್ನು ಅದೇ ಕುಡಿದುಬಿಡುತ್ತದೆ. ಆಮೇಲೆ ‘ಮೋಟಾರು ಸಣ್ಣದಾಯಿತು’ ಎಂದು ದೊಡ್ಡದು ತರಲು ಹೋಗುತ್ತಾರೆ. ಬೇಕಿದ್ದದ್ದು ಗಟ್ಟಿ ಹಿಡಿತ ಮಾತ್ರ. ಮೋಟಾರಿನ ವೈರುಗಳು ಕೂದಲಿನಂತಿರುತ್ತವೆ, ನಡುಗಿ ನಡುಗಿ ಬೆಸುಗೆಯ ಬುಡದಲ್ಲೇ ತುಂಡಾಗುತ್ತವೆ. ಬುಡದಿಂದ 1 ಸೆಂಟಿಮೀಟರ್ ದೂರದಲ್ಲಿ ವೈರನ್ನು ಕವಚಕ್ಕೆ ಒಂದು ಹನಿ ಅಂಟಿನಿಂದ ಕೂರಿಸಿ. ಬಿಸಿ ಅಂಟಿಗೆ ತಕ್ಕ ಜಾಗ ಇದೊಂದೇ.

ತಂತ್ರಾಂಶ ಸರಳ. ಕಂಪ್ಯೂಟರಿನಲ್ಲಿ ಪೈಥಾನ್ ಪ್ರೋಗ್ರಾಮು ಸೀರಿಯಲ್ ಪೋರ್ಟಿಗೆ ಒಂದು ಬೈಟ್ ಬರೆಯುತ್ತದೆ, ಬೋರ್ಡು ಆ ಸಂಖ್ಯೆಗೆ ತಕ್ಕ ಕಂಪನ ಕೊಡುತ್ತದೆ. ಪೋರ್ಟನ್ನು ಒಮ್ಮೆ ತೆರೆದು ಹಾಗೇ ಇಟ್ಟುಕೊಳ್ಳಿ; ಪ್ರತಿ ಸಲ ತೆರೆದು ಮುಚ್ಚಿದರೆ ಅಷ್ಟು ಹೊತ್ತು ವ್ಯರ್ಥ. 1200 ಬಾಡ್‌ನಲ್ಲಿ ತೆರೆಯಲೇಬೇಡಿ. ಆರ್ಡುಯಿನೋ ಬಗೆಯ 32ಯು4 ಬೋರ್ಡುಗಳು ಅದನ್ನು ‘ಹೊಸ ಪ್ರೋಗ್ರಾಮು ಹಾಕಲು ಸಿದ್ಧವಾಗು’ ಎಂಬ ಅಪ್ಪಣೆಯೆಂದು ತಿಳಿದು ರೀಸೆಟ್ ಆಗುತ್ತವೆ. ಲಿನಕ್ಸಿನಲ್ಲಿ ಪೋರ್ಟು ತೆರೆಯಲು ಅನುಮತಿ ಇಲ್ಲವೆಂದರೆ, ಡೆಬಿಯನ್ ಮೂಲದ ವಿತರಣೆಗಳಲ್ಲಿ ನಿಮ್ಮ ಖಾತೆಯನ್ನು ‘ಡಯಲೌಟ್’ ಗುಂಪಿಗೆ ಸೇರಿಸಿ ಮತ್ತೆ ಲಾಗಿನ್ ಆಗಿ.

ಇಷ್ಟಾದ ಮೇಲೂ ಕಂಪನ ನಿಲ್ಲುವಾಗ ‘ಗುಂಯ್...’ ಎಂದು ಬಾಲ ಎಳೆಯುತ್ತದೆ, ಏಕೆಂದರೆ ಒಂದೇ ಟ್ರಾನ್ಸಿಸ್ಟರಿನಿಂದ ಮೋಟಾರಿಗೆ ಬ್ರೇಕ್ ಹಾಕಲಾಗದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡಿಆರ್‌ವಿ2605ಎಲ್ ಚಿಪ್ ಇರುವ ಚಿಕ್ಕ ಬೋರ್ಡು ತೆಗೆದುಕೊಂಡರೆ ಅದು ದಿಕ್ಕು ತಿರುಗಿಸಿ ಬ್ರೇಕ್ ಹಾಕುತ್ತದೆ, ಹೊರಡುವಾಗಿನ ಒದೆತವನ್ನೂ ತಾನೇ ನೋಡಿಕೊಳ್ಳುತ್ತದೆ. ಒಳಗೆ 123 ಸಿದ್ಧ ಕಂಪನಗಳಿವೆ, ಇಆರ್‌ಎಂ ಮತ್ತು ಎಲ್‌ಆರ್‌ಎ ಎರಡನ್ನೂ ನಡೆಸುತ್ತದೆ. ಮೊದಲು ಸ್ವಯಂ ಹೊಂದಾಣಿಕೆ ನಡೆಸಬೇಕು. ಅದನ್ನು ಮೋಟಾರನ್ನು ಕವಚಕ್ಕೆ ಅಂಟಿಸಿದ ಮೇಲೆ ಮಾಡಿ, ಮೇಜಿನ ಮೇಲೆ ಬಿಡಿಯಾಗಿ ಇಟ್ಟುಕೊಂಡಲ್ಲ.

ಕೊಳ್ಳುವಾಗ ಒಂದು ಎಚ್ಚರ. ಇಆರ್‌ಎಂ, ಎಲ್‌ಆರ್‌ಎ ಎರಡೂ ನಾಣ್ಯದಂತೆಯೇ ಕಾಣುತ್ತವೆ. ಎರಡು ಸೆಲ್ಲಿನ 3 ವೋಲ್ಟನ್ನು ಅರೆಕ್ಷಣ ಮುಟ್ಟಿಸಿ ನೋಡಿ. ಗುಂಯ್ ಎಂದರೆ ಇಆರ್‌ಎಂ. ಒಮ್ಮೆ ‘ಟುಕ್’ ಎಂದು ಸುಮ್ಮನಾದರೆ ಎಲ್‌ಆರ್‌ಎ. ಅದು ಕೆಟ್ಟಿಲ್ಲ, ನೇರ ವಿದ್ಯುತ್ತಿನಲ್ಲಿ ಕುಣಿಯದು ಅಷ್ಟೇ.

ಪ್ರಶ್ನೆ: ಮೋಟಾರು ಹಾಕಿಯಾಯಿತು, ಆದರೆ ಕಂಪಿಸಿದಾಗಲೆಲ್ಲ ಕರ್ಸರು ಅದುರುತ್ತದೆ. ಸೆನ್ಸರ್ ಕೆಟ್ಟಿದೆಯೇ?

ಉತ್ತರ: ಸೆನ್ಸರ್ ತನ್ನ ಕೆಲಸವನ್ನು ಅತಿ ನಿಷ್ಠೆಯಿಂದ ಮಾಡುತ್ತಿದೆ. ಮೌಸಿನ ಮೈ 200 ಹರ್ಟ್ಸ್‌ನಲ್ಲಿ ಭೂಗುರುತ್ವದಷ್ಟೇ ವೇಗೋತ್ಕರ್ಷದಿಂದ ಕಂಪಿಸಿದರೆ, ನಡುಬಿಂದುವಿನಿಂದ ಅದು ಸರಿಯುವ ದೂರ ಸುಮಾರು 6 ಮೈಕ್ರೋಮೀಟರ್, ಅಂಚಿನಿಂದ ಅಂಚಿಗೆ 12. 1600 ಡಿಪಿಐನಲ್ಲಿ (ಮೌಸು ಒಂದು ಅಂಗುಲ ಸರಿದರೆ 1600 ಎಣಿಕೆ) ಸೆನ್ಸರಿನ ಒಂದು ಎಣಿಕೆ ಎಂದರೆ 16 ಮೈಕ್ರೋಮೀಟರ್, ಹಾಗಾಗಿ ಅಲುಗಾಟ ಎಣಿಕೆಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಅದೇ 8000 ಡಿಪಿಐನಲ್ಲಿ ಒಂದು ಎಣಿಕೆ 3.2 ಮೈಕ್ರೋಮೀಟರ್, ಕರ್ಸರು ಮೂರು ನಾಲ್ಕು ಎಣಿಕೆ ಆಚೀಚೆ ಕುಣಿಯುತ್ತದೆ. ಮೊದಲು ಡಿಪಿಐ 800–1600ಕ್ಕೆ ಇಳಿಸಿ ನೋಡಿ.

ಅದಕ್ಕೂ ಬಗ್ಗದಿದ್ದರೆ ಮೋಟಾರು ಕೂತ ಭಂಗಿ ನೋಡಿ. ನಾಣ್ಯ ಮೋಟಾರು ಕಂಪಿಸುವುದು ತನ್ನ ಬಿಲ್ಲೆಯ ಸಮತಲದಲ್ಲಿ. ಅಂಗೈ ಕೆಳಗೆ ಅದನ್ನು ಮಲಗಿಸಿ ಅಂಟಿಸಿದರೆ ಮೌಸು ಎಡಬಲ, ಹಿಂದುಮುಂದಾಗಿ ಅಲುಗುತ್ತದೆ, ಸೆನ್ಸರ್ ಅಳೆಯುವುದೂ ಅದನ್ನೇ. ಪಕ್ಕದ ಗೋಡೆಗೆ ನಿಲ್ಲಿಸಿ ಅಂಟಿಸಿದರೆ ಅಲುಗಾಟದ ಒಂದು ಪಾಲು ಮೇಲೆ ಕೆಳಗೆ ಆಗಿಬಿಡುತ್ತದೆ, ಸೆನ್ಸರಿಗೆ ಅದು ಕಾಣದು. ನಾಣ್ಯದಾಕಾರದ ಎಲ್‌ಆರ್‌ಎ ಸಾಮಾನ್ಯವಾಗಿ ಬಿಲ್ಲೆಗೆ ಲಂಬವಾಗಿ ಜಿಗಿಯುತ್ತದೆ, ಆದ್ದರಿಂದ ಅದನ್ನು ಮಲಗಿಸಿಯೇ ಇಡಬೇಕು. ಲೆನ್ಸಿನಿಂದ ಆದಷ್ಟು ದೂರವಿರಲಿ ಎಂದು ಹೇಳಬೇಕಾಗಿಲ್ಲ.

ಪ್ರಶ್ನೆ: ಕ್ಲಿಕ್ಕನ್ನೂ ಹ್ಯಾಪ್ಟಿಕ್‌ನಿಂದ ಮಾಡುವ ಮೌಸುಗಳು ಬರುತ್ತಿವೆಯಂತೆ. ಒತ್ತಿದ್ದೇ ಸುಳ್ಳು, ಒತ್ತಿದಂತೆ ಅನಿಸುವುದು ಮಾತ್ರ ನಿಜ ಎಂದರೆ ನಂಬುವುದು ಹೇಗೆ?

ಉತ್ತರ: 2015ರಿಂದ ಬರತೊಡಗಿದ ‘ಫೋರ್ಸ್ ಟಚ್’ ಟ್ರ್ಯಾಕ್‌ಪ್ಯಾಡ್ ಇರುವ ಆ್ಯಪಲ್ ಮ್ಯಾಕ್‌ಬುಕ್ ಒಂದು ಸಿಕ್ಕರೆ ಪೂರ್ತಿ ಆರಿಸಿ ಟ್ರ್ಯಾಕ್‌ಪ್ಯಾಡ್ ಒತ್ತಿ ನೋಡಿ. ಕಲ್ಲಿನಂತೆ ಸುಮ್ಮನಿರುತ್ತದೆ. ಆನ್ ಮಾಡಿದ ಮೇಲೆ ಅದೇ ಜಾಗ ‘ಕ್ಲಿಕ್’ ಎನ್ನುತ್ತದೆ. ಬೆರಳಿನ ಒತ್ತಡವನ್ನು ಸೆನ್ಸರುಗಳು ಅಳೆಯುತ್ತವೆ, ವಿದ್ಯುತ್ಕಾಂತವೊಂದು ಪಟ್ಟಿಯನ್ನು ಚೂರೇ ಚೂರು ಅಡ್ಡಕ್ಕೆ ಅಲುಗಿಸುತ್ತದೆ. ಸಮಯ ಸರಿಹೊಂದಿದ್ದರೆ ಅಡ್ಡ ಅಲುಗಾಟವನ್ನೂ ಮಿದುಳು ‘ಕೆಳಗೆ ಹೋಯಿತು’ ಎಂದೇ ಓದಿಕೊಳ್ಳುತ್ತದೆ.

ಮೌಸಿನಲ್ಲಿ ಇದೇ ಬಗೆಯದನ್ನು ಲಾಜಿಟೆಕ್ 2025ರಲ್ಲಿ ಘೋಷಿಸಿದ ಪ್ರೊ ಎಕ್ಸ್2 ಸೂಪರ್‌ಸ್ಟ್ರೈಕ್ ಮಾಡುತ್ತದೆ. ಮೈಕ್ರೋಸ್ವಿಚ್ಚಿನ ಬದಲು ಪ್ರೇರಣ ಸುರುಳಿ ಬಟನ್ ಎಷ್ಟು ಇಳಿಯಿತೆಂದು ಅಳೆಯುತ್ತದೆ, ‘ಟಕ್’ ಎನ್ನುವುದು ಆಕ್ಚುಯೇಟರ್. ಎಷ್ಟು ಒತ್ತಿದರೆ ಕ್ಲಿಕ್ ಆಗಬೇಕು ಎಂಬುದನ್ನೂ ನೀವೇ ಇಟ್ಟುಕೊಳ್ಳಬಹುದು. ದೊಡ್ಡ ಲಾಭ ಬೇರೆಡೆಯಿದೆ. ಸಾಮಾನ್ಯ ಸ್ವಿಚ್ಚಿನ ಒಳಗಿನ ಲೋಹದ ನಾಲಿಗೆ ಸವೆದು, ಕಿಲುಬು ಹಿಡಿದು, ಒಂದು ಒತ್ತಿಗೆ ಎರಡು ಕ್ಲಿಕ್ ಆಗುವ ಕಾಯಿಲೆ ಎಲ್ಲರಿಗೂ ಗೊತ್ತು. ಪರಸ್ಪರ ತಾಗುವ ಲೋಹವೇ ಇಲ್ಲದ ಕಡೆ ಆ ಕಾಯಿಲೆಗೆ ಜಾಗವಿಲ್ಲ.

ನಷ್ಟವೂ ಇದೆ. ಸವೆದ ಮೈಕ್ರೋಸ್ವಿಚ್ಚನ್ನು ಬೆಸುಗೆ ಕಡ್ಡಿ ಹಿಡಿಯಲು ಬರುವವರು ಅರ್ಧ ಗಂಟೆಯಲ್ಲಿ ಬದಲಿಸುತ್ತಾರೆ. ಹ್ಯಾಪ್ಟಿಕ್ ಬಟನ್ ಕೆಟ್ಟರೆ ಹಾಗೆ ಕಿತ್ತು ಹಾಕುವ ಬಿಡಿಭಾಗ ಸುಲಭಕ್ಕೆ ಸಿಗದು.

ಪ್ರಶ್ನೆ: ವೈರ್‌ಲೆಸ್ ಮೌಸಿನಲ್ಲಿ ಕಂಪನ ಇಟ್ಟುಕೊಂಡರೆ ಬ್ಯಾಟರಿ ಎಷ್ಟು ಬೇಗ ಖಾಲಿಯಾಗುತ್ತದೆ?

ಉತ್ತರ: ಹೆದರುವಷ್ಟಲ್ಲ. 75 ಮಿಲಿಆಂಪಿನ ಮೋಟಾರು, ಪ್ರತಿ ಮಿಡಿತಕ್ಕೆ 100 ಮಿಲಿಸೆಕೆಂಡ್, ದಿನಕ್ಕೆ 3000 ಮಿಡಿತ ಎಂದುಕೊಳ್ಳಿ. ಒಟ್ಟು 300 ಸೆಕೆಂಡ್, ಅಂದರೆ ಆರೂಕಾಲು ಮಿಲಿಆಂಪ್ ಗಂಟೆ. 500 ಮಿಲಿಆಂಪ್ ಗಂಟೆಯ ಬ್ಯಾಟರಿಯಲ್ಲಿ ದಿನಕ್ಕೆ ಒಂದೂಕಾಲು ಶೇಕಡಾ. ಆಟದಲ್ಲಿ ಒಂದು ಗಂಟೆ ಬಿಡದೆ ಗುಂಯ್‌ಗುಡಿಸಿದರೆ ಮಾತ್ರ 75 ಮಿಲಿಆಂಪ್ ಗಂಟೆ ಹೋಗುತ್ತದೆ. ಬ್ಯಾಟರಿ ಬೇಗ ಇಳಿಯುತ್ತಿದ್ದರೆ ಮೊದಲು ಪೋಲಿಂಗ್ ದರವನ್ನೂ (ಮೌಸು ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ವರದಿ ಮಾಡುತ್ತದೆ ಎಂಬುದು) ಬಣ್ಣದ ದೀಪಗಳನ್ನೂ ಅನುಮಾನಿಸಿ.

ಪ್ರಶ್ನೆ: ದಿನವಿಡೀ ಕಂಪಿಸುವ ಮೌಸು ಹಿಡಿದರೆ ಕೈ ಜೋಮು ಹಿಡಿಯುವ ರೋಗ ಬರುತ್ತದೆಯೇ?

ಉತ್ತರ: ಕಂಪನದಿಂದ ಬೆರಳು ಬಿಳಿಚಿಕೊಳ್ಳುವ, ಮರಗಟ್ಟುವ ರೋಗ ನಿಜವೇ, ಆದರೆ ಅದು ಕಲ್ಲು ಕೊರೆಯುವ ಯಂತ್ರ, ಮರ ಕೊಯ್ಯುವ ಗರಗಸ ಹಿಡಿದು ವರ್ಷಗಟ್ಟಲೆ ದುಡಿದವರದು. ಯುರೋಪಿಯನ್ ಒಕ್ಕೂಟದ 2002ರ ನಿಯಮ 8 ಗಂಟೆಯ ದುಡಿಮೆಗೆ ಸರಾಸರಿ 2.5 ಮೀಟರ್ ಪ್ರತಿ ಸೆಕೆಂಡ್ ವರ್ಗ ದಾಟಿದರೆ ಕ್ರಮ ತೆಗೆದುಕೊಳ್ಳಬೇಕೆನ್ನುತ್ತದೆ, 5 ಮೀರಕೂಡದು ಎನ್ನುತ್ತದೆ. ಮೌಸಿನ ಮಿಡಿತಗಳನ್ನೆಲ್ಲ ಕೂಡಿಸಿದರೂ ದಿನಕ್ಕೆ ಐದು ನಿಮಿಷ. ಗುರುತ್ವದಷ್ಟು ಜೋರಿನ ಕಂಪನವೆಂದೇ ಹಿಡಿದು 8 ಗಂಟೆಗೆ ಹರಡಿದರೆ 0.7 ಬರುತ್ತದೆ. ಆ ನಿಯಮದ ಅಳತೆಯಲ್ಲಿ 200 ಹರ್ಟ್ಸ್‌ನಂಥ ಎತ್ತರದ ಆವರ್ತನಕ್ಕೆ ತೂಕ ಕಡಿಮೆ, ಹತ್ತರಲ್ಲಿ ಒಂದು ಪಾಲೂ ಉಳಿಯದು.

ಆದರೆ ನಿಮಗೆ ಈಗಾಗಲೇ ಬೆರಳು ಜುಮುಗುಡುತ್ತಿದ್ದರೆ, ರಾತ್ರಿ ಎಚ್ಚರವಾಗುವಷ್ಟು ಮಣಿಕಟ್ಟು ನೋಯುತ್ತಿದ್ದರೆ, ಕಂಪನ ಆರಿಸಿ ವೈದ್ಯರಿಗೆ ತೋರಿಸಿ. ಸ್ಪರ್ಶ ಮಂದವಾದವರು ಕಂಪನ ತಿಳಿಯಲೆಂದು ಮೌಸನ್ನು ಬಿಗಿಯಾಗಿ ಹಿಡಿಯತೊಡಗುತ್ತಾರೆ, ತೊಂದರೆ ಹೆಚ್ಚಾಗುವುದು ಆ ಹಿಡಿತದಿಂದ.

ಪ್ರಶ್ನೆ: ನನಗೆ ದೃಷ್ಟಿ ಇಲ್ಲ. ಹ್ಯಾಪ್ಟಿಕ್ ಮೌಸು ಕೊಂಡರೆ ಪರದೆಯ ಮೇಲಿನ ಚಿತ್ರ, ನಕ್ಷೆಗಳನ್ನು ಮುಟ್ಟಿ ತಿಳಿಯಬಹುದೇ?

ಉತ್ತರ: ಮಾರುಕಟ್ಟೆಯ ಸಾಮಾನ್ಯ ಹ್ಯಾಪ್ಟಿಕ್ ಮೌಸಿನಿಂದ ಆಗದು. ಅದನ್ನು ಕೊಳ್ಳಬೇಡಿ. ಕಂಪನಕ್ಕಿಂತ ಮೌಸಿನ ಸ್ವಭಾವವೇ ಇಲ್ಲಿ ಅಡ್ಡಿ. ಮೌಸು ಎಷ್ಟು ಸರಿಯಿತು ಎಂದು ಹೇಳುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ಒಮ್ಮೆ ಎತ್ತಿಟ್ಟರೆ, ಅಥವಾ ಮಣಿಕಟ್ಟು ಸ್ವಲ್ಪ ತಿರುಗಿದರೆ, ಮೇಜಿಗೂ ಪರದೆಗೂ ಇದ್ದ ಹೊಂದಿಕೆ ಹೋಯಿತು. ಕಣ್ಣಿದ್ದವರು ಕರ್ಸರು ನೋಡಿ ಸರಿಪಡಿಸಿಕೊಳ್ಳುತ್ತಾರೆ, ನಿಮಗೆ ಆ ದಾರಿ ಇಲ್ಲ.

ಯತ್ನಗಳು ನಡೆದಿವೆ. ವಿಟಿಪ್ಲೇಯರ್ ಎಂಬ ಮೌಸಿನ ಮೇಲೆ ಎರಡು ಬೆರಳಿಗೆ ಒಂದೊಂದರಂತೆ ಬ್ರೈಲ್ ಮಾದರಿಯ 16 ಪಿನ್ನುಗಳ ಎರಡು ಮನೆ ಇದ್ದವು. ಕರ್ಸರಿನ ಕೆಳಗಿನ ಚಿತ್ರಕ್ಕೆ ತಕ್ಕಂತೆ ಪಿನ್ನು ಏಳುತ್ತಿದ್ದವು. ಅದಕ್ಕೂ ಹಳೆಯದು 1970ರ ದಶಕದ ಆಪ್ಟಕಾನ್. ಒಂದು ಕೈಯಲ್ಲಿ ಚಿಕ್ಕ ಕ್ಯಾಮೆರಾ ಹಿಡಿದು ಮುದ್ರಿತ ಸಾಲಿನ ಮೇಲೆ ಓಡಿಸಿದರೆ ಇನ್ನೊಂದು ಕೈಯ ತೋರುಬೆರಳಿನ ಕೆಳಗೆ 144 ಪಿನ್ನುಗಳು ಅಕ್ಷರದ ಆಕಾರದಲ್ಲಿ ಕಂಪಿಸುತ್ತಿದ್ದವು. ಅದನ್ನು ಕಲಿತವರು ಸಾಮಾನ್ಯ ಪುಸ್ತಕವನ್ನೇ ಓದುತ್ತಿದ್ದರು.

ಈಗಿನ ಮಟ್ಟಿಗೆ ಕೀಲಿಮಣೆ ಮತ್ತು ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರೇ ವೇಗದ ದಾರಿ. ಮೌಸು ಬಳಸಲೇಬೇಕಾದಾಗ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರಿನ ಮೌಸ್ ಸೆಟ್ಟಿಂಗ್‌ನಲ್ಲಿ ಕರ್ಸರಿನ ಸ್ಥಾನವನ್ನು ಸದ್ದಿನಲ್ಲಿ ತಿಳಿಸುವ ಆಯ್ಕೆ ಹಚ್ಚಿಕೊಳ್ಳಿ. ಮೇಲೆ ಹೋದಂತೆ ಸ್ವರ ಏರುತ್ತದೆ, ಎಡಬಲಕ್ಕೆ ತಕ್ಕಂತೆ ಆಯಾ ಕಿವಿಯಲ್ಲಿ ಕೇಳಿಸುತ್ತದೆ. ಹೆಡ್‌ಫೋನ್ ಬೇಕು.

ಪ್ರಶ್ನೆ: ನಾನು ತಂತ್ರಾಂಶ ಬರೆಯುವವಳು. ನಮ್ಮ ಚಿತ್ರ ಸಂಪಾದನೆಯ ಆ್ಯಪಿಗೆ ಹ್ಯಾಪ್ಟಿಕ್ ಸೇರಿಸುತ್ತಿದ್ದೇವೆ. ಎಲ್ಲೆಲ್ಲಿ ಕಂಪನ ಕೊಡಬೇಕು?

ಉತ್ತರ: ಎಲ್ಲೆಲ್ಲಿ ಕೊಡಬಾರದು ಎಂಬುದರಿಂದ ಶುರು ಮಾಡಿ. ಕರ್ಸರು ಪ್ರತಿ ಬಟನ್ನಿನ ಮೇಲೆ ಹಾದಾಗಲೂ ‘ಟಿಕ್’ ಎನ್ನಿಸಿದರೆ ಮೊದಲ ದಿನ ಎಲ್ಲರೂ ಹೊಗಳುತ್ತಾರೆ, ಮೂರನೆಯ ದಿನ ಆರಿಸುತ್ತಾರೆ. ಕಣ್ಣು ಬೇರೆಡೆ ಇದ್ದಾಗ ಕೈಗೆ ತಿಳಿಯಬೇಕಾದದ್ದನ್ನು ಮಾತ್ರ ಕೈಗೆ ಹೇಳಿ. ಎಳೆಯುತ್ತಿರುವ ಚಿತ್ರದ ಅಂಚು ಮಾರ್ಗದರ್ಶಿ ಗೆರೆಗೆ ಕಚ್ಚಿಕೊಂಡ ಕ್ಷಣ. ಸ್ಲೈಡರು ಸೊನ್ನೆ ದಾಟಿದಾಗ, ಕೊನೆ ಮುಟ್ಟಿದಾಗ. ತಿರುಗಿಸುವಾಗ 90 ಡಿಗ್ರಿ ಕೂಡಿಬಂದಾಗ. ಎಳೆದು ತಂದ ಫೈಲು ಬಿಡಬಹುದಾದ ಜಾಗದ ಮೇಲೆ ಬಂದಾಗ.

‘ಟಿಕ್’ಗೆ 10–20 ಮಿಲಿಸೆಕೆಂಡ್ ಸಾಕು. ‘ಆಯಿತು’ ಎನ್ನಲು 30–50. ತಪ್ಪಾಯಿತೆಂದು ಹೇಳಲು ಎರಡು ಮಿಡಿತ, ನಡುವೆ 100ರಷ್ಟು ಬಿಡುವು. ಮೋಟಾರು ಇಆರ್‌ಎಂ ಆಗಿದ್ದರೆ 10 ಮಿಲಿಸೆಕೆಂಡಿನ ಅಪ್ಪಣೆ ಗಾಳಿಗೆ ಹೋದ ಮಾತು, ಅದಕ್ಕೆ ಬೇರೆ ಅವಧಿಗಳ ಪಟ್ಟಿ ಇಟ್ಟುಕೊಳ್ಳಿ. ಎರಡು ಘಟನೆಗಳು 50 ಮಿಲಿಸೆಕೆಂಡಿಗಿಂತ ಹತ್ತಿರ ಬಂದರೆ ಎರಡನೆಯದನ್ನು ಸಾಲಿನಲ್ಲಿ ನಿಲ್ಲಿಸದೆ ಬಿಸಾಡಿ. ಸಾಲಿನಲ್ಲಿ ಕಾದು ತಡವಾಗಿ ಬಂದ ಮಿಡಿತ ಸುಳ್ಳು ಹೇಳುತ್ತದೆ. ಬ್ಲೂಟೂತ್ 6.2ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಲೋ ಎನರ್ಜಿ ಸಂಪರ್ಕದ ಅತಿ ಕಿರಿದಾದ ಅಂತರವೇ 7.5 ಮಿಲಿಸೆಕೆಂಡ್, ಆ ತಡವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕಂಪನವೊಂದರಿಂದಲೇ ತಿಳಿಯುವ ಸಂಗತಿ ಯಾವುದೂ ಇರಬಾರದು. ಬಹುಪಾಲು ಬಳಕೆದಾರರ ಕೈಯಲ್ಲಿ ಸಾದಾ ಮೌಸೇ ಇರುತ್ತದೆ.

ಪ್ರಶ್ನೆ: ಜಾಲಪುಟದ ಜಾವಾಸ್ಕ್ರಿಪ್ಟಿನಿಂದ ಮೌಸನ್ನು ಕಂಪಿಸುವಂತೆ ಮಾಡಬಹುದೇ? ಕಂಪನದ ಆಜ್ಞೆ ಬರೆದೆ, ಫೋನು ನಡುಗಿತು, ಮೌಸು ಸುಮ್ಮನಿದೆ.

ಉತ್ತರ: ಆ ಆಜ್ಞೆ ಫೋನಿನಂಥ ಸಾಧನದ ಸ್ವಂತ ಮೋಟಾರಿಗೆ ಮಾತ್ರ. ಗೇಮ್‌ಪ್ಯಾಡಿಗೆ ಬೇರೆ ದಾರಿ ಇದೆ, ಮೌಸಿಗೆ ಹಾಗೆ ಸಿದ್ಧವಾದದ್ದಿಲ್ಲ. ಕ್ರೋಮ್ ಬಗೆಯ ಬ್ರೌಸರುಗಳಲ್ಲಿ, ಜೋಡಿಸಿದ ಸಾಧನಗಳೊಡನೆ ಜಾಲಪುಟ ನೇರ ಮಾತಾಡಲು ಬಿಡುವ ವೆಬ್‌ಎಚ್‌ಐಡಿ ಎಂಬ ಸೌಲಭ್ಯವಿದೆ. ಮೌಸಿನ ಚಲನೆ, ಕ್ಲಿಕ್ಕುಗಳಿರುವ ಭಾಗವನ್ನು ಅದು ಭದ್ರತೆಗಾಗಿ ಮುಚ್ಚಿಟ್ಟಿರುತ್ತದೆ, ಆದರೆ ತಯಾರಕರು ಕಂಪನವನ್ನು ತಮ್ಮದೇ ಪ್ರತ್ಯೇಕ ವಿಭಾಗದಲ್ಲಿ ಇಟ್ಟಿದ್ದರೆ, ಬಳಕೆದಾರರ ಅನುಮತಿ ಪಡೆದು ಅದಕ್ಕೆ ಬರೆಯಬಹುದು. ಆ ವಿಭಾಗಕ್ಕೆ ಯಾವ ಬೈಟುಗಳನ್ನು ಕಳಿಸಬೇಕೆಂಬುದು ಒಂದೊಂದು ಮೌಸಿಗೆ ಒಂದೊಂದು ತರಹ. ಮೇಲೆ ಹೇಳಿದಂತೆ ನೀವೇ ಕಟ್ಟಿದ 32ಯು4 ಬೋರ್ಡಾದರೆ ಆ ಕಷ್ಟವಿಲ್ಲ, ಬ್ರೌಸರಿನಿಂದಲೇ ಸೀರಿಯಲ್ ಪೋರ್ಟಿಗೆ ಬರೆಯುವ ವೆಬ್ ಸೀರಿಯಲ್ ಮೂಲಕ ಒಂದು ಬೈಟ್ ಕಳಿಸಿದರೆ ಮುಗಿಯಿತು.